ಮನೆ ಸಿಕ್ಕಿತು, ಓಣಿ ಎಲ್ಲಿ?

ಬೆಂಗಳೂರಿನಿಂದ ನಿವೃತ್ತ ಎಂಜಿನಿಯರ್ ಒಬ್ಬರು ಬರೆದಿದ್ದಾರೆ: 'ಬಾಗಲಕೋಟೆಯ ಮುಳುಗಡೆಯವರ ಗೋಳನ್ನು ಇನ್ನೂ ಎಷ್ಟು ವರ್ಷ ಅಚ್ಚು ಹಾಕುತ್ತೀರಿ? ಪರಿಹಾರ ಬಂತು, ಸೈಟು ಬಂತು. ನವನಗರದಷ್ಟು ಅಗಲದ ರಸ್ತೆ ನಮ್ಮ ಬಡಾವಣೆಯಲ್ಲೂ ಇಲ್ಲ.'

ರಸ್ತೆ ಅಗಲವಾಗಿದೆ, ಒಪ್ಪುತ್ತೇನೆ ಸರ್. ಮುಳುಗಡೆಯಾದವರಿಗೆಂದೇ ಕಟ್ಟಿದ, ಚಾರ್ಲ್ಸ್ ಕೊರಿಯಾ ಅವರಂಥ ವಾಸ್ತುಶಿಲ್ಪಿ ನಕ್ಷೆ ಹಾಕಿದ ಊರು ಅದು. ಕೃಷ್ಣೆಯ ನೀರು ಒಣ ಹೊಲಗಳಿಗೆ ಹರಿದದ್ದೂ ನಿಜ. ಆದರೆ ನಿಮ್ಮ ಪತ್ರದ ತುಂಬ 'ಬಂತು, ಬಂತು' ಅಂತಲೇ ಇದೆ. ಹೋದದ್ದರ ಲೆಕ್ಕವನ್ನೂ ಒಂದು ಸಾಲು ಬರೆಯಬಹುದಿತ್ತು, ಅಲ್ವಾ?

ಹಳೇ ಬಾಗಲಕೋಟೆ ಎಂದರೆ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಗೋಡೆಗೆ ಗೋಡೆ ಅಂಟಿದ ಓಣಿಗಳು. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದಾಗ ಜನ ಸೆಕ್ಟರ್ ನಂಬರುಗಳಿಗೆ ಚದುರಿದರು. ನವನಗರದಲ್ಲಿ ವಯಸ್ಸಾದ ತಾಯಿಯೊಬ್ಬರು ಚಹಾ ಕೊಟ್ಟು ಹೇಳಿದ್ದು ನನಗಿನ್ನೂ ನೆನಪಿದೆ: 'ಮನಿ ಛಲೋನ ಐತ್ರಿ. ಆದ್ರ ರಾತ್ರಿ ಎದಿ ನೋವು ಬಂದ್ರ ಯಾರ್ನ ಒದರಿ ಕರೀಲಿ? ಅಲ್ಲಿ ಕಿಡಕ್ಯಾಗ ನಿಂತು ಕರದ್ರ ನಾಕ್ ಮನಿ ಎದ್ದು ಬರ್ತಿದ್ವು.'

ನೇಕಾರನಿಗೆ ಕೂಲಿ ತಡವಾದರೆ ಓಣಿಯ ಅಂಗಡಿಯವನು ಮುಖ ನೋಡಿ ಉದ್ರಿ ಕೊಡುತ್ತಿದ್ದ. ಹೊಸ ಊರಿನ ಅಂಗಡಿಯವನಿಗೆ ಆ ಮುಖದ ಪರಿಚಯವೇ ಇಲ್ಲ. 1894ರ ಭೂಸ್ವಾಧೀನ ಕಾಯ್ದೆ ನೆಲಕ್ಕೆ, ಗೋಡೆಗೆ ಬೆಲೆ ಕಟ್ಟಿತು. ಆ ಉದ್ರಿಗೆ ಎಷ್ಟು ಬೆಲೆ ಸರ್? ಬಡವನಿಗೆ ಅದೇ ಬ್ಯಾಂಕು.

ನನಗೆ ನಿಮಗಿಂತ ನಮ್ಮ ಪತ್ರಿಕೆಗಳ ಮೇಲೆಯೇ ಸಿಟ್ಟು ಜಾಸ್ತಿ. ಮಳೆಗಾಲದಲ್ಲಿ ದಿನವೂ ಆಲಮಟ್ಟಿ ಜಲಾಶಯದ ಮಟ್ಟ ಅಚ್ಚು ಹಾಕುತ್ತೇವೆ. 519.60 ಮೀಟರ್ ತುಂಬಿತೆಂದರೆ ಬಾಗಿನದ ಫೋಟೊ. ಈಗ ಅದನ್ನು 524.256 ಮೀಟರಿಗೆ ಏರಿಸುವ ಮಾತು. ಏರಿದರೆ ಮತ್ತಷ್ಟು ಹಳ್ಳಿಗಳು, ಬಾಗಲಕೋಟೆಯ ಮತ್ತಷ್ಟು ಮನೆಗಳು ನೀರಿಗೆ. ಚರ್ಚೆಯೆಲ್ಲ ಎಕರೆಗೆ ಎಷ್ಟು ಎಂಬುದರ ಸುತ್ತಲೇ. ಒಂದು ಓಣಿಯವರಿಗೆ ಒಂದೇ ಸಾಲಿನಲ್ಲಿ ಸೈಟು ಕೊಡಿ ಎಂಬ ಮಾತು ಕಿವಿಗೆ ಬೀಳುವುದೇ ಅಪರೂಪ. ಹಂಚಿಕೆಯ ಪಟ್ಟಿಯನ್ನು ಓಣಿವಾರು ಬರೆಯಲು ಎಷ್ಟು ಖರ್ಚಾದೀತು?

ಬರುವ ಹೋಳಿಗೆ ಬಾಗಲಕೋಟೆಗೆ ಬನ್ನಿ ಸರ್. ಹಲಗೆ ಸದ್ದು ಕೇಳಿದರೆ ನವನಗರದವರು ತಮ್ಮ ಹಳೇ ಪೇಟೆಗೇ ಓಡಿ ಬರುತ್ತಾರೆ. ಹಳಪೇಟೆಯವರ ಬಣ್ಣದ ಬಂಡಿಯಲ್ಲಿ ನಿಮಗೂ ಒಂದು ಜಾಗ ಹೇಳಿಡುತ್ತೇನೆ.