ಕಾನ್‌ಸ್ಟೆಬಲ್ ಸೆಲೆಕ್ಷನ್: ರಾಜಿಯಾದ ಹಳೇ ಕೇಸನ್ನು ಫಾರ್ಮ್‌ನಲ್ಲಿ ಬರೆಯಬೇಕಾ?

ಬರೆಯಿರಿ. ರಾಜಿಯಾಗಿ ಮುಗಿದ ಕೇಸನ್ನೂ ಪೊಲೀಸ್ ಕೆಲಸದ ಫಾರ್ಮ್‌ನಲ್ಲಿ ಬರೆಯಬೇಕಾ, ಬರೆಯದಿದ್ದರೆ ಇಲಾಖೆಯವರಿಗೆ ಗೊತ್ತಾಗುತ್ತಾ ಅಂತ ಕೇಳಿದ್ದೀರಲ್ಲ, ಗೊತ್ತಾಗುತ್ತಾ ಅನ್ನೋ ಯೋಚನೆಯನ್ನೇ ಬಿಟ್ಟುಬಿಡಿ. ನಾನೂ ಅದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ನಮ್ಮದು ತೀರ್ಥಹಳ್ಳಿ ಕಡೆ. ನನಗೆ 19 ಇದ್ದಾಗ ಪಕ್ಕದ ತೋಟದವರ ಜೊತೆ ಬೇಲಿ ಜಗಳ ಆಯ್ತು. ಕೈ ಮಾಡಿದ್ದು ಅಪ್ಪ ಮತ್ತು ಅವರು. ನಾನು ಬಿಡಿಸಲು ಹೋಗಿದ್ದೆ. ಕಂಪ್ಲೇಂಟಿನಲ್ಲಿ ನನ್ನ ಹೆಸರೂ ಸೇರಿತು. ಐಪಿಸಿ 323, 341, 504, ಅಂದರೆ ಹೊಡೆದದ್ದು, ಅಡ್ಡಗಟ್ಟಿದ್ದು, ಕೆರಳಿಸುವಂತೆ ಬೈದದ್ದು. ಮರುವರ್ಷ ಲೋಕ ಅದಾಲತ್‌ನಲ್ಲಿ ರಾಜಿ ಆಯ್ತು. ಅವರ ಮಗಳ ಮದುವೆಯಲ್ಲಿ ನಾನೇ ಬಡಿಸಿದ್ದೇನೆ.

ಆಮೇಲೆ ಕಾನ್‌ಸ್ಟೆಬಲ್‌ಗೆ ಅರ್ಜಿ ಹಾಕಿದೆ. ಲಿಖಿತ ಪರೀಕ್ಷೆ 100 ಅಂಕಕ್ಕೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪಾಸಾದೆ. 1600 ಮೀಟರ್ ಓಟವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಮಳೆಗಾಲದಲ್ಲೂ ಏರು ರಸ್ತೆಯಲ್ಲಿ ಓಡಿದವನಿಗೆ ಅದು ಕಷ್ಟ ಅನ್ನಿಸಲಿಲ್ಲ. ಎತ್ತರ 168 ಸೆಂ.ಮೀ., ಎದೆ 86, ಉಸಿರೆಳೆದಾಗ ಇನ್ನೂ 5 ಹಿಗ್ಗಬೇಕು. ಅದೂ ಆಯ್ತು. ಹೆದರಿಸಿದ್ದು ಗುಂಡು ಎಸೆತ. 7.26 ಕೆಜಿ ಗುಂಡು 5.60 ಮೀಟರ್ ದಾಟಬೇಕು, ಮೂರೇ ಅವಕಾಶ. ಎರಡು ಸಲ ಗೆರೆಯ ಈಚೆ ಬಿತ್ತು. ಮೂರನೆಯದು ದಾಟಿತು. ಅಂಗೈ ತುಂಬಾ ಕೆಮ್ಮಣ್ಣು, ಅದೇ ಕೈಯಲ್ಲಿ ಕಣ್ಣೊರೆಸಿಕೊಂಡೆ.

ಇಷ್ಟೆಲ್ಲ ಗೆದ್ದು ಒಂದು ಪದಕ್ಕೆ ಸೋತೆ. ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಕೇಸು ದಾಖಲಾಗಿತ್ತೇ ಅಂತ ಫಾರ್ಮ್‌ನಲ್ಲಿ ಕೇಳಿದ್ದರು. 'ಎಂದಾದರೂ' ಅಂದರೆ ಎಂದಾದರೂ. ನಾನು ಅದನ್ನು 'ಈಗ ಕೇಸಿದೆಯಾ' ಅಂತ ಓದಿಕೊಂಡೆ. ರಾಜಿಯಾದರೆ ಕಾನೂನಿನಲ್ಲಿ ಖುಲಾಸೆ ಆದ ಹಾಗೇ, ನಿಜ. ಆದರೆ ಅವರು ಶಿಕ್ಷೆ ಆಯ್ತಾ ಅಂತ ಕೇಳಿರಲಿಲ್ಲ, ಕೇಸು ದಾಖಲಾಗಿತ್ತಾ ಅಂತ ಕೇಳಿದ್ದರು. ಇವೆರಡೂ ಬೇರೆ ಬೇರೆ. ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. "ಮುಗಿದ ಕೇಸು ಮಾರಾಯ, ಸುಮ್ನೆ ಯಾಕೆ ಕೆದಕ್ತೀಯ" ಅಂದ ಗೆಳೆಯ. 'ಇಲ್ಲ' ಅಂತ ಬರೆದೆ. ಒಳಗೊಳಗೆ ಹೆದರಿಕೆಯೂ ಇತ್ತು, ಅದಕ್ಕೇ ಅವನ ಮಾತು ಹಿತವಾಗಿ ಕೇಳಿಸಿತು.

ವೆರಿಫಿಕೇಶನ್‌ಗೆ ಆ ಫಾರ್ಮ್ ಹೋಗುವುದು ನಿಮ್ಮೂರಿನ ಠಾಣೆಗೇ ಅಲ್ವಾ! ಕೇಸು ಬರೆದುಕೊಂಡಿದ್ದೂ ಅದೇ ಠಾಣೆ. ನನಗೆ ಬಂದ ನೋಟಿಸಿನಲ್ಲಿ ಬೇಲಿ ಜಗಳದ ಮಾತೇ ಇರಲಿಲ್ಲ. ಮಾಹಿತಿ ಮುಚ್ಚಿಟ್ಟಿದ್ದೀರಿ ಅಂತ ಮಾತ್ರ ಇತ್ತು. ಆಯ್ಕೆ ರದ್ದಾಯಿತು. ಅಪ್ಪ ಆ ಕಾಗದವನ್ನು ಎರಡು ಸಲ ಓದಿಸಿಕೊಂಡು, ನನ್ನಿಂದ ಆಯ್ತಲ್ಲ ಮಗ ಅಂದರು. ಅಲ್ಲ, ನನ್ನಿಂದ ಆಗಿತ್ತು.

2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸಣ್ಣ ಕೇಸನ್ನು ಮುಚ್ಚಿಟ್ಟಿದ್ದರೆ ಇಲಾಖೆ ಮನ್ನಿಸಬಹುದು ಅಂದಿದೆ. ಅದನ್ನು ನಂಬಿ ಮುಚ್ಚಿಡಬೇಡಿ. ಮನ್ನಿಸುವುದು ಬಿಡುವುದು ಅವರ ಕೈಯಲ್ಲಿದೆ. ಹೇಳಿದವರಿಗೂ ಕೆಲಸ ಕೊಡಲೇಬೇಕು ಅಂತಿಲ್ಲ, ಆದರೆ ನಿಮ್ಮನ್ನು ಸುಳ್ಳುಗಾರ ಅನ್ನಲಾರರು.

ಸಂದರ್ಶನದಲ್ಲಿ ಎಲ್ಲಾ ವಿವರಿಸುತ್ತೇನೆ ಅಂತ ಬರೆದಿದ್ದೀರಿ. ಕಾನ್‌ಸ್ಟೆಬಲ್‌ಗೆ ಸಂದರ್ಶನವೇ ಇಲ್ಲ. ಹೇಳುವುದನ್ನೆಲ್ಲ ಫಾರ್ಮ್‌ನಲ್ಲೇ ಹೇಳಬೇಕು. ಕೋರ್ಟಿಗೆ ಹೋಗಿ ರಾಜಿ ಆದೇಶದ ದೃಢೀಕೃತ ನಕಲು ತೆಗೆಸಿ. ಕ್ರೈಂ ನಂಬರ್ (ಠಾಣೆಯಲ್ಲಿ ಕೇಸಿಗೆ ಕೊಟ್ಟ ಸಂಖ್ಯೆ), ಸೆಕ್ಷನ್, ಆದೇಶದ ತಾರೀಕು ಬರೆಯಿರಿ. ಜಾಗ ಸಾಲದಿದ್ದರೆ ಬೇರೆ ಹಾಳೆ ಲಗತ್ತಿಸಿ. ನಕಲು ಕೈಗೆ ಬರಲು ದಿನ ಹಿಡಿಯುತ್ತದೆ, ಈ ವಾರವೇ ಹೋಗಿ.