ಕನ್ನಡ ಹೆಸರಿನ ಮೇಲ್ ಫೋಲ್ಡರ್ ಸರ್ವರ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುವುದೇಕೆ?

ಹೆಸರು ಕೆಟ್ಟಿಲ್ಲ; ದಯವಿಟ್ಟು ಸರ್ವರ್‌ನಲ್ಲಿ ಅದನ್ನು ಕೈಯಾರೆ ತಿದ್ದಬೇಡಿ. ಐಮ್ಯಾಪ್‌ನ (ಸರ್ವರ್‌ನಲ್ಲಿರುವ ಮೇಲ್ ಓದಲು ಬಳಸುವ ವ್ಯವಸ್ಥೆಯ) ಹಳೆಯ ನಿಯಮದಂತೆ ಫೋಲ್ಡರ್ ಹೆಸರುಗಳು ಮಾರ್ಪಡಿಸಿದ ಯುಟಿಎಫ್-7 ಎಂಬ ಬರಹ ವಿಧಾನದಲ್ಲಿ ಇರಬೇಕು. ಆಸ್ಕಿಗೆ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಮೂಲ ಪಟ್ಟಿಗೆ) ಹೊರತಾದ ಅಕ್ಷರಗಳು ಬೇಸ್64 ರೂಪ ತಾಳಿ, ಅಂದರೆ ಸರಳ ಇಂಗ್ಲಿಷ್ ಅಕ್ಷರ-ಅಂಕಿಗಳಾಗಿ ಬದಲಾಗಿ, & ಮತ್ತು - ಚಿಹ್ನೆಗಳ ನಡುವೆ ಕೂರುತ್ತವೆ. ಕನ್ನಡದ ಯೂನಿಕೋಡ್ ಸಂಕೇತಗಳೆಲ್ಲ 0ಸಿ (0C) ಎಂದು ಆರಂಭವಾಗುವುದರಿಂದ ಕನ್ನಡ ಹೆಸರಿನಲ್ಲಿ & ಬೆನ್ನಿಗೇ ಇಂಗ್ಲಿಷಿನ ‘ಡಿ’ (D) ಬರುತ್ತದೆ (ತೆಲುಗು, ಮಲಯಾಳ ಹೆಸರುಗಳಲ್ಲೂ ‘ಡಿ’ಯೇ ಬರುತ್ತದೆ).

ಹೆಸರಿನಲ್ಲೇ & ಇದ್ದರೆ &- ಎಂದು ಬರೆಯಬೇಕು; ಸ್ವಂತ ಸ್ಕ್ರಿಪ್ಟ್ ಬರೆಯುವಾಗ ಇದನ್ನು ಮರೆಯಬೇಡಿ. ಚುಕ್ಕೆಯ ತೊಡಕೇ ಬೇರೆ: ಅದು ವಿಭಜಕವಾಗಿರುವ (ಫೋಲ್ಡರ್ ಮತ್ತು ಉಪಫೋಲ್ಡರ್ ಹೆಸರುಗಳನ್ನು ಬೇರ್ಪಡಿಸುವ ಚಿಹ್ನೆಯಾಗಿರುವ) ಸರ್ವರ್‌ನಲ್ಲಿ ‘2023.24’ ಎಂದರೆ 2023ರೊಳಗಿನ 24 ಎಂಬ ಉಪಫೋಲ್ಡರ್. ಅಲ್ಲಿ ಅಡ್ಡಗೆರೆ ಬಳಸಿ.

2021ರ ಐಮ್ಯಾಪ್4 ಎರಡನೇ ಪರಿಷ್ಕರಣೆಯಲ್ಲಿ ನೇರ ಯುಟಿಎಫ್-8 (ಕನ್ನಡ ಅಕ್ಷರಗಳನ್ನು ಈ ರೂಪಾಂತರವಿಲ್ಲದೆ ಬರೆಯುವ ವಿಧಾನ) ಇದೆ, ಆದರೆ ಸರ್ವರ್ ಮತ್ತು ನಿಮ್ಮ ಮೇಲ್ ತಂತ್ರಾಂಶ ಎರಡೂ ಅದನ್ನು ಬಲ್ಲವಾಗಿರಬೇಕು.