ಹೆಲ್ಮೆಟ್‌ಗೆ ಕರಿ ಗ್ಲಾಸ್ ಹಾಕಿಸಿದವರು ಬ್ಯಾಗಿನಲ್ಲಿ ಬಿಳಿ ಗ್ಲಾಸ್ ಒಂದು ಇಟ್ಟುಕೊಂಡೇ ತಿರುಗಬೇಕಾ?

ನೀವು ಕೇಳಿದ್ದು ಇಷ್ಟು: ಬ್ಯಾಂಕಿನ ಕೆಲಸ, ಹೊಸದಾಗಿ ಸೇಡಂಗೆ ವರ್ಗವಾಗಿದೆ, ಮನೆ ಕಲಬುರಗಿಯಲ್ಲೇ, ದಿನಾ ಬೈಕ್ ಮೇಲೆ ಹೋಗಿ ಬರಬೇಕು. ಬಿಸಿಲಿಗೆಂದು ಹೆಲ್ಮೆಟ್‌ಗೆ ಕರಿ ಗ್ಲಾಸ್ ಹಾಕಿಸಿದ್ದೀರಿ, ಈಗ ಸಂಜೆ ಮಳಖೇಡ ದಾಟಿದ ಮೇಲೆ ರಸ್ತೆ ಸರಿಯಾಗಿ ಕಾಣುತ್ತಿಲ್ಲ. ಬಿಳಿ ಗ್ಲಾಸ್ ಇನ್ನೊಂದು ತಂದು ಬ್ಯಾಗಿನಲ್ಲಿ ಇಟ್ಟುಕೊಂಡರೆ ಆದೀತಾ, ಗೀರು ಬೀಳದ ಹಾಗೆ ಎಲ್ಲಿ ಇಡಬೇಕು?

ಇಟ್ಟುಕೊಳ್ರಿ, ಆದರೆ ಉಲ್ಟಾ. ಹೆಲ್ಮೆಟ್ ಮೇಲೆ ಬಿಳಿಯದು ಇರಲಿ, ಬ್ಯಾಗಿನಲ್ಲಿ ಕರಿಯದು ಇರಲಿ. ಬದಲಿಸಲು ಮರೆತ ದಿನ ಬಿಳಿ ಗ್ಲಾಸಿನವನು ಕಣ್ಣು ಕಿರಿದು ಮಾಡಿಕೊಂಡು ಹೇಗೋ ಮನೆ ಮುಟ್ಟುತ್ತಾನೆ. ಕರಿ ಗ್ಲಾಸಿನವನು ಮರೆತರೆ ಮುಟ್ಟುವುದೂ ಬಿಡುವುದೂ ಎದುರಿಗೆ ಏನು ಬಂತು ಅನ್ನುವುದರ ಮೇಲೆ. ಮತ್ತೆ ಮರೆಯುವುದಂತೂ ಖಾತ್ರಿ. ನಾನು ಸೇಡಂನಲ್ಲಿ ಲ್ಯಾಬ್ ಟೆಕ್ನಿಷಿಯನ್, ಹನ್ನೊಂದು ವರ್ಷದಿಂದ ಇದೇ ರಸ್ತೆ. ಮೊದಲ ಮೂರು ವರ್ಷ ನಿಮ್ಮ ಲೆಕ್ಕದಲ್ಲೇ ಇದ್ದೆ. ಕರಿಯದು ಮೇಲೆ, ಬಿಳಿಯದು ಬ್ಯಾಗಿನಲ್ಲಿ. ಬ್ಯಾಗಿನಲ್ಲಿ ಇದ್ದೂ ಬದಲಿಸದ ಸಂಜೆಗಳೇ ಹೆಚ್ಚು. ಇನ್ನೂ ಬೆಳಕಿದೆ, ಮುಂದಿನ ಊರಲ್ಲಿ ನಿಲ್ಲಿಸೋಣ ಅಂತ ಒಂದು ಊರು ಹೋಗುತ್ತದೆ. ಆಮೇಲೆ ಇನ್ನೇನು ಬಂದೇ ಬಿಟ್ಟೆವಲ್ಲ ಅಂತ ಇನ್ನೊಂದು ಊರು.

ಇದರಲ್ಲಿ ನಮ್ಮ ಸೋಮಾರಿತನ ಅರ್ಧ, ಕಣ್ಣಿನ ಮೋಸ ಅರ್ಧ. ಬೆಳಕು ಒಮ್ಮೆಗೇ ಆರಿದರೆ ನಮಗೆ ಗೊತ್ತಾಗುತ್ತದೆ, ಕರೆಂಟ್ ಹೋದ ಹಾಗೆ. ಸಂಜೆ ಬೆಳಕು ಹಾಗಲ್ಲ, ಇಷ್ಟಿಷ್ಟೇ ಸರಿಯುತ್ತದೆ, ಕಣ್ಣಿನ ಪಾಪೆಯೂ ಜೊತೆಜೊತೆಗೇ ಅಗಲವಾಗುತ್ತಾ ಹೋಗುತ್ತದೆ. ಹಾಗಾಗಿ ನಮಗೆ ಕತ್ತಲಾಯಿತು ಅಂತ ಅನಿಸುವುದೇ ಇಲ್ಲ. ಪೂರ್ತಿ ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು–ಮೂವತ್ತು ನಿಮಿಷ ಬೇಕು. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಅಷ್ಟೇ ಹೊತ್ತಿಗೆ ರಸ್ತೆ ಮೇಲೆ ಕತ್ತಲು ಇಳಿದಿರುತ್ತದೆ, ಮೇಲೆ ಎದುರಿನ ಲಾರಿಯ ಹೆಡ್‌ಲೈಟ್ ಎರಡು ನಿಮಿಷಕ್ಕೊಮ್ಮೆ ಬಂದು ಕಣ್ಣನ್ನು ಮತ್ತೆ ಮೊದಲಿಗೆ ತಂದು ನಿಲ್ಲಿಸುತ್ತದೆ.

ನಾನು ಬುದ್ಧಿ ಕಲಿತದ್ದು ಒಂದು ಡಿಸೆಂಬರ್ ಕೊನೆಯಲ್ಲಿ. ತೊಗರಿ ರಾಶಿಯ ಕಾಲ. ಮಳಖೇಡದ ಕಾಗಿಣಾ ಸೇತುವೆ ದಾಟಿ ಹತ್ತು–ಹದಿನೈದು ನಿಮಿಷ ಆಗಿರಬೇಕು, ಸೂರ್ಯ ಹೋಗಿದ್ದ. ಗ್ಲಾಸಿನೊಳಗಿಂದ ರಸ್ತೆ ಮಸಿ ಮಸಿ. ನಿಲ್ಲಿಸುವ ಬದಲು ಎಲ್ಲರೂ ಮಾಡುವುದನ್ನೇ ಮಾಡಿದೆ: ಗ್ಲಾಸ್ ಮೇಲೆತ್ತಿದೆ. ತಕ್ಷಣ ಲೋಕವೇ ಬೆಳಗಾಯಿತು, ಖರೇ. ನೂರು ಗಜ ಹೋಗಿರಲಿಲ್ಲ, ರಸ್ತೆ ಬದಿಯ ಹೊಲದಲ್ಲಿ ರಾಶಿ ಮೆಷಿನ್ ಹೊಟ್ಟು ಉಗುಳುತ್ತಿತ್ತು, ಗಾಳಿ ನಮ್ಮ ಕಡೆಗೇ. ಒಂದು ಕಣ್ಣು ಮುಚ್ಚಿಕೊಂಡಿತು, ಇನ್ನೊಂದರಲ್ಲಿ ನೀರು. ಆ ನೀರಿನೊಳಗೆ ಕಂಡದ್ದು ತೊಗರಿ ಕಟ್ಟಿಗೆ ಹೇರಿಕೊಂಡ ಟ್ರ್ಯಾಕ್ಟರ್ ಟ್ರ್ಯಾಲಿ. ಹಿಂದೆ ಲೈಟ್ ಇಲ್ಲ, ರೇಡಿಯಂ ಪಟ್ಟಿ ಇಲ್ಲ, ಒಣ ಕಟ್ಟಿಗೆಯ ಬಣ್ಣ ಮತ್ತು ಸಂಜೆಯ ಬಣ್ಣ ಒಂದೇ. ಕಟ್ಟಿಗೆಯ ತುದಿಗಳು ಟ್ರ್ಯಾಲಿಯಿಂದ ಒಂದು ಮಾರು ಹೊರಗೆ ಚಾಚಿದ್ದವು, ನನ್ನ ಮುಖದ ಎತ್ತರಕ್ಕೇ. ಹ್ಯಾಂಡಲ್ ಬಲಕ್ಕೆ ಎಳೆದೆ, ಎದುರಿಗೆ ಯಾರೂ ಇರಲಿಲ್ಲ ಅನ್ನುವುದಷ್ಟೇ ನನ್ನ ಪುಣ್ಯ. ಜಾಕೆಟ್ಟಿನ ಎಡ ಭುಜ ಹರಿದಿತ್ತು. ಗಂಟೆಗೆ 60ರ ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಒಂದು ಸೆಕೆಂಡ್ ತಡವಾಗಿ ಕಂಡರೆ ಎಷ್ಟು ರಸ್ತೆ ಕೈಬಿಟ್ಟು ಹೋಗುತ್ತದೆ, ನೀವೇ ಲೆಕ್ಕ ಹಾಕ್ರಿ. ಬಿಳಿ ಗ್ಲಾಸ್ ಆಗಲೂ ಬ್ಯಾಗಿನಲ್ಲೇ ಇತ್ತು.

ಅವತ್ತಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಹೊರಡುವ ಹೊತ್ತಿನ ಬೆಳಕು ನೋಡಿ ಗ್ಲಾಸ್ ಹಾಕುವುದಿಲ್ಲ, ಮುಟ್ಟುವ ಹೊತ್ತಿನ ಬೆಳಕು ನೋಡಿ ಹಾಕುತ್ತೇನೆ. ಸೇಡಂ ಬಿಡುವಾಗ ಬಿಸಿಲು ಎಷ್ಟೇ ಚುರುಕಾಗಿರಲಿ, ಕಲಬುರಗಿ ಮುಟ್ಟುವಾಗ ಸೂರ್ಯ ಮುಳುಗಿರುತ್ತಾನೆ ಅಂದರೆ ಅಲ್ಲಿಂದಲೇ ಬಿಳಿಯದು. ಎರಡು ತಿಂಗಳು ಬಿಟ್ಟರೆ ರಸ್ತೆಯಲ್ಲಿ ನಿಂತು ಬದಲಿಸುವ ಮಾತೇ ಇಲ್ಲ.

ನಮ್ಮ ರಸ್ತೆಗೆ ಈ ಲೆಕ್ಕ ತಿಂಗಳಿಂದ ತಿಂಗಳಿಗೆ ಬೇರೆ. ಸೇಡಂ ನಮಗೆ ಪೂರ್ವಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿದೆ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೂ ಅದೇ ಮೂಲೆಯಲ್ಲಿ. ಹಾಗಾಗಿ ಚಳಿಗಾಲದ ಮುಂಜಾನೆ ಐವತ್ತು ಚಿಲ್ಲರೆ ಕಿಲೋಮೀಟರ್ ಸೂರ್ಯ ನೆಟ್ಟಗೆ ಮುಖಕ್ಕೇ, ಸಂಜೆ ವಾಪಸ್ ಬರುವಾಗ ಮಾತ್ರ ಎಡಕ್ಕೆ ಸರಿದು ಮುಳುಗುತ್ತಾನೆ. ಮೇ ತಿಂಗಳಲ್ಲಿ ಇದು ತಿರುಗಾ ಮುರುಗಾ: ಮುಂಜಾನೆ ಎಡಕ್ಕಿರುತ್ತಾನೆ, ಸಂಜೆ ವಾಪಸ್ ಬರುವಾಗ ರಸ್ತೆಯ ತುದಿಯಲ್ಲೇ ಕೂತಿರುತ್ತಾನೆ. ನಾನು ಐದೂವರೆಗೆ ಬಿಡುತ್ತೇನೆ. ಮೇನಲ್ಲಿ ಸೂರ್ಯ ಮುಳುಗುವುದು ಆರೂಮುಕ್ಕಾಲರ ಆಸುಪಾಸು, ಅಷ್ಟೊತ್ತಿಗೆ ಊರೊಳಗೆ ಬಂದಿರುತ್ತೇನೆ, ಕರಿ ಗ್ಲಾಸ್ ಧಾರಾಳವಾಗಿ ನಡೆಯುತ್ತದೆ. ಡಿಸೆಂಬರ್‌ನಲ್ಲಿ ಆರರೊಳಗೇ ಮುಳುಗುತ್ತಾನೆ, ಆಗ ಸಂಜೆಗೆ ಕರಿ ಗ್ಲಾಸ್ ಹೆಸರೇ ಎತ್ತಬೇಡ್ರಿ. ಕಿರಿಕಿರಿ ಬರುವುದು ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ. ಹತ್ತು ನಿಮಿಷ ಕೆಲಸ ತಡವಾದರೆ ಲೆಕ್ಕ ತಪ್ಪಿತು. ಆ ತಿಂಗಳುಗಳಿಗೆ ನಾನು ಬೆಳಕಿನ ಬದಲು ಜಾಗ ಗೊತ್ತು ಮಾಡಿದ್ದೇನೆ: ಮಳಖೇಡದ ಚಹಾ ಹೋಟೆಲ್. ಕತ್ತಲಾಗಲಿ ಬಿಡಲಿ, ಅಲ್ಲಿ ನಿಂತು ಚಹಾ ಹೇಳಿದೆನೆಂದರೆ ಗ್ಲಾಸ್ ಬಿಳಿಯಾಗಲೇಬೇಕು. ರಾಷ್ಟ್ರಕೂಟರು ರಾಜ್ಯ ಆಳಿದ ಮಾನ್ಯಖೇಟ ಅಂದರೆ ಇದೇ ಮಳಖೇಡ, ಅಲ್ಲಿ ನನ್ನ ಕಾರುಬಾರು ಇಷ್ಟೇ.

ನೀವು ಕರಿ ಗ್ಲಾಸ್ ಹಾಕಿಸಿದ್ದು ಎದುರು ಬಿಸಿಲಿಗೆ ಅಂದಿರಲ್ಲ, ಅದಕ್ಕೆ ಅಗ್ಗದ ಉಪಾಯ ಇದೆ. ಬಿಳಿ ಗ್ಲಾಸಿನ ಮೇಲಂಚಿಗೆ ಕರೆಂಟಿನವರ ಕರಿ ಇನ್ಸುಲೇಷನ್ ಟೇಪ್ ಎರಡು ಬೆರಳಗಲ, ಅಡ್ಡಕ್ಕೆ, ಹೊರಗಿನಿಂದ ಅಂಟಿಸ್ರಿ. ಹೆಲ್ಮೆಟ್ ಹಾಕಿಕೊಂಡು ಗಾಡಿ ಮೇಲೆ ಕೂತು ನೋಡ್ರಿ, ನೆಟ್ಟಗೆ ನೋಡುವಾಗ ಟೇಪ್ ಕಣ್ಣಿಗೆ ಅಡ್ಡ ಬರಬಾರದು, ಗದ್ದ ಒಂದಿಷ್ಟು ಇಳಿಸಿದರೆ ಸೂರ್ಯ ಟೇಪಿನ ಹಿಂದೆ ಹೋಗಬೇಕು. ಹೊಲದಲ್ಲಿ ದೂರ ನೋಡುವಾಗ ಹುಬ್ಬಿಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಅದೇ ಕೆಲಸ. ರಸ್ತೆ ಪೂರ್ತಿ ಬೆಳ್ಳಗೆ ಕಾಣುತ್ತದೆ, ಸೂರ್ಯ ಮಾತ್ರ ಕಾಣುವುದಿಲ್ಲ. ಕರಿ ಗ್ಲಾಸ್ ಹಾಗಲ್ಲ, ಸೂರ್ಯನ ಜೊತೆ ಗುಂಡಿಯನ್ನೂ ಕಪ್ಪು ಮಾಡುತ್ತದೆ.

ಇನ್ನೊಂದು ಮಾತು. ಎದುರು ಬಿಸಿಲಿಗೆ ಕಣ್ಣು ಕೋರೈಸುವುದರಲ್ಲಿ ಅರ್ಧ ತಪ್ಪು ಸೂರ್ಯನದಲ್ಲ, ಗ್ಲಾಸಿನ ಮೇಲಿನ ಗೀರಿನದು, ಧೂಳಿನದು. ಸೂರ್ಯ ತಗ್ಗಿನಲ್ಲಿದ್ದಾಗ ಒಂದೊಂದು ಗೀರೂ ಬೆಳಕನ್ನು ಚೆದುರಿಸಿ ಗ್ಲಾಸೆಲ್ಲ ಹಾಲು ಚೆಲ್ಲಿದ ಹಾಗೆ ಆಗುತ್ತದೆ. ನಮ್ಮ ರಸ್ತೆಯ ಧೂಳು ಸಾದಾ ಧೂಳಲ್ಲ, ಸಿಮೆಂಟ್ ಲಾರಿ, ಸುಣ್ಣದ ಕಲ್ಲು, ಎರೆ ಮಣ್ಣು ಎಲ್ಲಾ ಕೂಡಿದ್ದು. ಒಣ ಬಟ್ಟೆಯಿಂದ ಒರೆಸಿದರೆ ಉಪ್ಪುಕಾಗದ ಉಜ್ಜಿದ ಹಾಗೆಯೇ. ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಲೆನ್ಸ್ ಕಂಡ ಕಂಡ ಬಟ್ಟೆಯಿಂದ ಒರೆಸುವ ಹುಡುಗರಿಗೆ ಬೈಯುವವನು ನಾನು, ಹೊರಗೆ ಬಂದು ಹೆಲ್ಮೆಟ್ ಗ್ಲಾಸ್ ಅಂಗಿ ತುದಿಯಿಂದ ಒರೆಸುತ್ತಿದ್ದೆ. ಒಮ್ಮೆ ಅತಿ ಬುದ್ಧಿವಂತಿಕೆ ಮಾಡಿ ಟೇಪಿನ ಅಂಟು ತೆಗೆಯಲು ಅಸಿಟೋನ್ ಹಚ್ಚಿದೆ. ಗ್ಲಾಸ್ ಅಂದರೆ ಅದು ಗಾಜಲ್ಲ, ಪಾಲಿಕಾರ್ಬೊನೇಟ್. ಕಣ್ಣೆದುರೇ ಮಂಜು ಕವಿದ ಹಾಗೆ ಬೆಳ್ಳಗಾಯಿತು, 450 ರೂಪಾಯಿ ಹೋಯಿತು. ಪೆಟ್ರೋಲ್, ಥಿನ್ನರ್, ಅಮೋನಿಯಾ ಇರುವ ಕಿಟಕಿ ಒರೆಸುವ ನೀರು ಯಾವುದೂ ಬೇಡ. ಒದ್ದೆ ಬಟ್ಟೆ ಹತ್ತು ನಿಮಿಷ ಮೇಲೆ ಹಾಕಿ ಹುಳ, ಮಣ್ಣು ನೆನೆಯಲಿ ಬಿಡ್ರಿ, ಆಮೇಲೆ ನಲ್ಲಿ ಕೆಳಗೆ ಮೈಸೋಪಿನ ನೊರೆಯಲ್ಲಿ ಬೆರಳಿನಿಂದಲೇ ತೊಳೀರಿ. ಅಂಟಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು.

ತಂಪು ಕನ್ನಡಕದ ಬಗ್ಗೆಯೂ ಹೇಳಿಬಿಡುತ್ತೇನೆ. ಬಿಳಿ ಗ್ಲಾಸ್, ಒಳಗೆ ತಂಪು ಕನ್ನಡಕ: ಇದು ಎಲ್ಲಕ್ಕಿಂತ ಸರಳ, ತೆಗೆದು ಜೇಬಿಗೆ ಹಾಕಿದರೆ ಮುಗಿಯಿತು. ಕರಿ ಗ್ಲಾಸಿನೊಳಗೆ ಮಾತ್ರ ಹಾಕಬೇಡ್ರಿ. ಎರಡು ಕಪ್ಪು ಕೂಡುವುದಿಲ್ಲ, ಗುಣಿಸುತ್ತವೆ. ಗ್ಲಾಸ್ ಅರ್ಧ ಬೆಳಕು ಬಿಟ್ಟು, ಕನ್ನಡಕ ಅದರಲ್ಲಿ 15 ಪರ್ಸೆಂಟ್ ಬಿಟ್ಟರೆ ಕಣ್ಣಿಗೆ ಮುಟ್ಟುವುದು ಏಳೆಂಟು ಪರ್ಸೆಂಟ್. ಯುರೋಪಿನ ಹಳೆಯ ಹೆಲ್ಮೆಟ್ ನಿಯಮ ಇಸಿಇ 22.05ರಲ್ಲಿ 80 ಪರ್ಸೆಂಟಿಗಿಂತ ಕಡಿಮೆ ಬೆಳಕು ಬಿಡುವ ಗ್ಲಾಸಿನ ಮೇಲೆ ಹಗಲಿಗೆ ಮಾತ್ರ ಅಂತ ಅಚ್ಚೊತ್ತಬೇಕಿತ್ತು, 50ಕ್ಕಿಂತ ಕೆಳಗಿಳಿಯುವಂತೆಯೇ ಇರಲಿಲ್ಲ. ನಮ್ಮ ಕಡೆಯ ಅಂಗಡಿಯಲ್ಲಿ ಕನ್ನಡಿ ಹಾಗೆ ಹೊಳೆಯುವ ಮರ್ಕ್ಯುರಿ ಗ್ಲಾಸ್ ಕೊಡುವಾಗ ಅಂಗಡಿಯವನು ಹೇಳುವುದು ಒಂದೇ ಮಾತು, ಲುಕ್ ಬರ್ತದ ಅಣ್ಣ.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಗ್ಲಾಸ್ ಕೇಳಬಹುದು. ರೇಟು ಜಾಸ್ತಿ, ಅದು ಹೋಗಲಿ. ಅದರ ಗುಣವೇನೆಂದರೆ ಶಾಖ ಹೆಚ್ಚಿದಷ್ಟೂ ಕಪ್ಪಾಗುವುದು ಕಡಿಮೆ. ಚಳಿ ದೇಶದಲ್ಲಿ ಚೆನ್ನಾಗಿ ಕಪ್ಪಾಗುವ ಗ್ಲಾಸ್ ನಮ್ಮ 42–43 ಡಿಗ್ರಿಯಲ್ಲಿ, ಅಂದರೆ ಬೇಕಾದಾಗಲೇ, ಸೋಮಾರಿ ಬೀಳುತ್ತದೆ. ಹೊಸ ಹೆಲ್ಮೆಟ್ಟೇ ಕೊಳ್ಳುವ ಯೋಚನೆ ಇದ್ದರೆ ಒಳಗೆ ಇಳಿಸುವ ಸಣ್ಣ ಕರಿ ಗ್ಲಾಸ್ ಇರುವುದನ್ನು ಕೊಳ್ರಿ, ಐಎಸ್‌ಐ ಗುರುತು, ಐಎಸ್ 4151 ನಂಬರ್ ನೋಡಿ. ಹೆಬ್ಬೆರಳಿನ ಒಂದು ತಳ್ಳಿಗೆ ಮೇಲೆ, ಒಂದು ತಳ್ಳಿಗೆ ಕೆಳಗೆ, ಈ ಪುರಾಣವೇ ಬೇಡ. ಕನ್ನಡಕ ಹಾಕುವವರಿಗೆ ಅದು ಕನ್ನಡಕಕ್ಕೇ ಬಡಿಯಬಹುದು, ಅಂಗಡಿಯಲ್ಲೇ ಹಾಕಿ ನೋಡ್ರಿ. ನನಗೆ ಬಡಿಯುತ್ತದೆ, ಅದಕ್ಕೇ ಈ ಎರಡು ಗ್ಲಾಸಿನ ಸಂಸಾರ. ಕಾರಿಗೆ ಹಚ್ಚುವ ಕರಿ ಫಿಲಂ ತಂದು ಹೆಲ್ಮೆಟ್ ಗ್ಲಾಸಿಗೆ ಅಂಟಿಸುವವರೂ ಇದ್ದಾರೆ. ಗುಳ್ಳೆ ಎದ್ದು ಒಂದು ಲೈಟ್ ಎರಡಾಗಿ ಕಾಣುತ್ತದೆ.

ಬದಲಿಸುವ ಕೈಚಳಕ: ಮೊದಲು ನಿಮ್ಮ ಹೆಲ್ಮೆಟ್ಟಿನ ಕಿವಿಯ ಹತ್ತಿರ ನೋಡ್ರಿ. ಸ್ಕ್ರೂ ಇದ್ದರೆ ದಾರಿಯಲ್ಲಿ ಬದಲಿಸುವ ಆಸೆ ಬಿಡ್ರಿ, ಆ ಸ್ಕ್ರೂ ಒಂದು ದಿನ ಚಹಾ ಹೋಟೆಲ್ ಮುಂದಿನ ಮಣ್ಣಿನಲ್ಲಿ ಬಿದ್ದೇ ಬೀಳುತ್ತದೆ. ಒತ್ತುವ ಲೀವರ್ ಇದ್ದರೆ ಗ್ಲಾಸ್ ಪೂರ್ತಿ ಮೇಲೆತ್ತಿಯೇ ಬಿಚ್ಚಬೇಕು, ಅರ್ಧಕ್ಕೆ ಎಳೆದರೆ ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. ಹಾಕುವಾಗ ಎರಡೂ ಕಡೆ ಟಕ್ ಅನ್ನಬೇಕು, ಒಂದು ಸಲ ಇಳಿಸಿ ಎತ್ತಿ ನೋಡಿಯೇ ಹೊರಡ್ರಿ. ಗ್ಲಾಸ್ ಅದೇ ಕಂಪನಿ, ಅದೇ ಮಾಡೆಲ್‌ನದೇ ಬೇಕು, ಹತ್ತಿರದ ಆಕಾರದ್ದು ಕೂರುವ ಹಾಗೆ ಕಂಡರೂ ಗಾಳಿಗೆ ಕಿತ್ತು ಹೋಗುತ್ತದೆ. ಹೆಲ್ಮೆಟ್ ತೆಗೆದುಕೊಂಡು ಹೋಗಿ ಅಂಗಡಿಯಲ್ಲೇ ಎರಡು ಸಲ ಹಾಕಿ ಬಿಚ್ಚಿ ದುಡ್ಡು ಕೊಡ್ರಿ.

ಎಲ್ಲಿ ಇಡುವುದು ಅನ್ನುವುದಕ್ಕೆ ನನ್ನ ಉತ್ತರ ಕೇಳಿ ಮನೆಯವರು ನಕ್ಕಿದ್ದರು. ಗ್ಲಾಸ್ ಬಾಗಿರುತ್ತದೆ, ಚಪ್ಪಟೆ ಬ್ಯಾಗಿನಲ್ಲಿ ಫೈಲ್ ಮಧ್ಯೆ ಒತ್ತಿ ಇಟ್ಟರೆ ಬಾಗು ಕೆಟ್ಟು ಆಮೇಲೆ ಹೆಲ್ಮೆಟ್ ಮೇಲೆ ಸರಿಯಾಗಿ ಕೂರುವುದಿಲ್ಲ, ಮಳೆಗೆ ಅಂಚಿನಲ್ಲಿ ನೀರು ಒಳಗೆ ಬರುತ್ತದೆ. ಬಾಗಿದ್ದಕ್ಕೆ ಬಾಗಿದ್ದೇ ಆಸರೆ ಬೇಕು. ನಮ್ಮ ಜೋಳದ ರೊಟ್ಟಿ ಡಬ್ಬಿಯ ಸುತ್ತಳತೆ, ಹೆಲ್ಮೆಟ್ ಗ್ಲಾಸಿನ ಬಾಗು ಹೆಚ್ಚು ಕಡಿಮೆ ಒಂದೇ! ಹಳೆಯ ಬನಿಯನ್ನಿನಿಂದ ಹೊಲಿದ ಚೀಲದಲ್ಲಿ ಗ್ಲಾಸ್ ಹಾಕಿ, ಡಬ್ಬಿಗೆ ಒರಗಿಸಿ ಬ್ಯಾಗಿಗೆ ಇಳಿಸಿದರೆ ಅಲುಗಾಡುವುದಿಲ್ಲ. ಎಂಟು ವರ್ಷದಿಂದ ಹೀಗೇ ನಡೆದಿದೆ. ಒಮ್ಮೆ ಮಾತ್ರ ಬದನೆಕಾಯಿ ಪಲ್ಯದ ಎಣ್ಣೆ ಸೋರಿ ಬನಿಯನ್ ಹೀರಿಕೊಂಡಿತ್ತು, ಅವತ್ತು ಗ್ಲಾಸಿನೊಳಗಿಂದ ಊರೆಲ್ಲ ಪಲ್ಯದ ಬಣ್ಣ. ಈಗ ಪಲ್ಯ ಸ್ಟೀಲ್ ಡಬ್ಬಿಯಲ್ಲಿ ಬೇರೆ ಬರುತ್ತದೆ, ರೊಟ್ಟಿ ಜೊತೆ ಶೇಂಗಾ ಹಿಂಡಿ ಪುಡಿ ಅಷ್ಟೇ.